ಅರ್ಧ ಹೂತ ಬಸ್ಸು

"ಒರೇಯ್, ಬಸ್ಸನ್ನ ಕಿಟಕಿ ತನಕ ಹೂತ್ಬುಟ್ಟಿದ್ದೀಯಲ್ಲೋ! ಇದೇನು ಬಸ್‌ಸ್ಟ್ಯಾಂಡಾ, ಸ್ಮಶಾನಾನಾ? ನಾಳೆಯಿಂದ ಕೆಲಸಕ್ಕೆ ಬರಬ್ಯಾಡ" ಎಂದು ಓನರ್ ನನ್ನ ಮೇಲೆ ಕೂಗಾಡುತ್ತಿದ್ದರು.

ಹಿಂದೂಪುರದ ನಮ್ಮ ಆನಿಮೇಷನ್ ಆಫೀಸಿನಲ್ಲಿ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡ್ ದೃಶ್ಯ ತಯಾರಾಗುತ್ತಿತ್ತು. ಬಸ್ಸು ಬೇಕು, ಮರ ಬೇಕು ಎಂದು ನಾನು ಟೈಪ್ ಮಾಡಿದರೆ ಎಐ ಏಜೆಂಟ್ ತಾನೇ ಮಾಡಿ ಇಡುತ್ತಿತ್ತು. ಯಾವುದನ್ನು ಹೇಗೆ ಮಾಡಬೇಕು, ಎಲ್ಲಿಡಬೇಕು ಎಂದು ಅದಕ್ಕೆ ತಿಳಿಸುವ ವಿವರಣೆ ಬರೆಯುತ್ತಿದ್ದವರು ಪಕ್ಕದ ಮೇಜಿನವರು. ಮೊದಲು ರೇಷ್ಮೆ ಸೀರೆಗೆ ಡಿಸೈನ್ ಬರೆಯುತ್ತಿದ್ದರಂತೆ. ಎರಡೇ ಬೆರಳಲ್ಲಿ ಟೈಪ್ ಮಾಡಿ, ಪ್ರತಿ ಸಾಲನ್ನೂ ನನಗೆ ಓದಿ, "ಅದು ನಮ್ಮೂರು ನೋಡಿಲ್ಲ ಕಣಪ್ಪ, ಬಿಡಿಸಿ ಹೇಳ್ಬೇಕು" ಅನ್ನುವರು. ದಿನಕ್ಕೆ ಹತ್ತು ಸಲ ಇದೇ ಮಾತು. ನನಗೆ ತಲೆ ಕೆಡುತ್ತಿತ್ತು.

ಅವತ್ತು ಓನರ್ ಕೂಗಾಡುವಾಗ ಇವರು ಎದ್ದು ಬಂದು ಪರದೆಯಲ್ಲಿ ಬಸ್ಸಿನ ನಡುವಿಗೆ ಬೆರಳಿಟ್ಟರು.

"ಇವನ್ನ ಬೈಬ್ಯಾಡಿ ಸಾರ್. ಸೀರೆ ಹೂವನ್ನ ನಾವು ನಡುವಿಂದ್ಲೇ ಅಳೀತೀವಿ. ಈ ಸಾಫ್ಟ್‌ವೇರೂ ಹಂಗೇ, ಹೇಳಿದ ಜಾಗಕ್ಕೆ ವಸ್ತುವಿನ ನಡುವನ್ನೇ ತಂದಿಡ್ತದೆ. ಅದು ಎಲ್ರಿಗೂ ಗೊತ್ತು ಅನ್ಕೊಂಡು ಏಜೆಂಟ್‌ಗೆ ಬರೀದೆ ಬಿಟ್ಬುಟ್ಟೆ. ಅದಕ್ಕೇ ಬಸ್ಸಿನ ನಡು ನೆಲಕ್ಕೆ ಬಂದದೆ. ತಪ್ಪು ನಂದು."

"ಹಂಗಾದ್ರೆ ಇವನ ಬದ್ಲು ನೀವು ಕೆಲಸ ಬಿಟ್ಟು ಹೋಯ್ತೀರಾ?" ಎಂದರು ಓನರ್.

"ಹೋಗಿ ಅಂದ್ರೆ ಹೋಯ್ತೀನಿ. ಇದನ್ನ ತಿದ್ದಿ ಹೋಯ್ತೀನಿ."

ಓನರ್ ಹೊರಗೆ ಹೋದರು. ಇವರು ಕೂತು ಬರೆದರು: 'ಹೇಳಿದ ಜಾಗ ವಸ್ತುವಿನ ನಡುವಿನದು. ನೆಲದ ಮೇಲೆ ನಿಲ್ಲಬೇಕಾದರೆ ಅದರ ಅರ್ಧ ಎತ್ತರದಷ್ಟು ಮೇಲಕ್ಕೆ ಇಡು.' ನನಗೆ ಓದಿ ಹೇಳಿದರು. ಅರ್ಥವಾಯಿತು ಎಂದೆ. ಬಸ್ಸು ಬೇಕು ಎಂದು ಏಜೆಂಟ್‌ಗೆ ಮತ್ತೆ ಟೈಪ್ ಮಾಡಿದೆ. ಚಕ್ರಗಳು ನೆಲದ ಮೇಲೆ ನಿಂತವು.

ಮರುದಿನ ಇಬ್ಬರೂ ಕೆಲಸಕ್ಕೆ ಹೋದೆವು. ಕೆಲಸ ಬಿಡಿ ಎಂದು ಓನರ್ ಮತ್ತೆ ಹೇಳಲಿಲ್ಲ. ನನಗೆ ಗೊತ್ತಿರುವುದು ಇಷ್ಟೇ, ಇನ್ನು ಸೇರಿಸಲು ಏನೂ ಇಲ್ಲ.