ನೀರಿಗಿಂತ ಮೊದಲು ತುಂಬುವ ಗೋದಾಮು

ಆ ದಿನ ಬೆಳಿಗ್ಗೆ ಹಿತ್ತಲ ನಲ್ಲಿಯ ವಾಷರ್ ಬದಲಿಸಿದೆ, ಅವ್ವನ ಮಾತ್ರೆ ತಂದೆ, ಯಾದಗಿರಿಗೆ ಫೋನ್ ಮಾಡಿ ಗೊಬ್ಬರದ ಗೂಡ್ಸ್ ರೈಲು ಬಂತೇ ಎಂದು ಕೇಳಿಕೊಂಡೆ, ಮೋಟಾರ್‌ಸೈಕಲ್ಲಿಗೆ ಗಾಳಿ ಹಾಕಿಸಿ ಶಹಾಪುರದಿಂದ ಸುರಪುರಕ್ಕೆ ಹೊರಟೆ.

ಬೇರೆ ಕಂಪನಿಗಳ ಗೊಬ್ಬರ, ಬೀಜ ಇಳಿಸಿಟ್ಟುಕೊಂಡು ಊರೂರಿಗೆ ಮುಟ್ಟಿಸುವುದು ನಮ್ಮ ಸಂಸ್ಥೆಯ ಕೆಲಸ. ಗೋದಾಮು ಎಲ್ಲಿರಬೇಕು, ಲಾರಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ನಕ್ಷೆ ನನ್ನ ಪಾಲಿನದು. ಸುರಪುರದ್ದನ್ನು ಮುಚ್ಚಿ ಆ ಮಾಲನ್ನೆಲ್ಲ ಯಾದಗಿರಿ ಸ್ಟೇಷನ್ನಿನ ಬಾಜೂಕೇ ಇಟ್ಟುಕೊಂಡರೆ ಹೇಗೆ ಎಂದು ಮೇಲಿನವರು ಕೇಳಿದ್ದರು. ಕಾಗದದ ಮೇಲೆ ತಪ್ಪೇನಿರಲಿಲ್ಲ. ಆದರೆ ಸುರಪುರದ ಗೋದಾಮು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳ ನೌಕರಿ ಹೋಗುತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದುದರಿಂದ ಅವಳು ಊರು ಬಿಡುವಂತಿರಲಿಲ್ಲ.

"ಬರ್ರಿ ಸಾಹೇಬ್ರ, ಚಾ ಕುಡ್ಯಾಕ ಬಂದೀರೋ, ಕೀಲಿ ಇಸ್ಗೊಂಡು ಹೋಗಾಕ ಬಂದೀರೋ?" ಎಂದಳು ಅವಳು, ಗೋದಾಮಿನ ಬಾಗಿಲಲ್ಲೇ. ಮೊದಲು ಚಹಾ ಆಗಲಿ ಎಂದೆ.

ಅಂದೇ ಕಾಲುವೆಗೆ ನೀರು ಬಂದಿತ್ತು. ಮೊದಲ ನೀರಿಗೆ ನಮ್ಮ ಕಡೆ ಕುಪ್ಪಸ, ತೆಂಗಿನಕಾಯಿ ಅರ್ಪಿಸಿ ಉಡಿ ತುಂಬುತ್ತಾರೆ. ಹಮಾಲರು ಅವತ್ತು ಚೀಲ ಮುಟ್ಟುವುದಿಲ್ಲ, ಆಮೇಲೆ ನಾಟಿ ಮುಗಿಯುವತನಕ ಗದ್ದೆ ಬಿಟ್ಟು ಬರುವುದಿಲ್ಲ. ಯಾದಗಿರಿಯಲ್ಲಿ ಮಾಲಿದ್ದರೂ ಲಾರಿಗೆ ಏರಿಸುವವರಿರುವುದಿಲ್ಲ. ಇಲ್ಲಿ ಮಾತ್ರ ರೈತರು ಉಡಿ ತುಂಬಿ ಟ್ರಾಕ್ಟರ್ ಸಮೇತ ನೇರ ಬಾಗಿಲಿಗೇ ಬಂದು, ತಾವೇ ಚೀಲ ಹೊತ್ತು ಟ್ರಾಲಿಗೆ ಹಾಕಿಕೊಳ್ಳುತ್ತಿದ್ದರು. ನೀರು ಬರುವ ಮುಂಚೆ ತುಂಬಿಟ್ಟ ಗೋದಾಮು ಸುರಪುರದಲ್ಲಿ ಬೇಕೇ ಬೇಕು. ನೀರು ನಿಂತ ಮೇಲೆ ಬೇಡ.

ಅವಳಿಗೆ ಅದನ್ನೇ ಹೇಳಿದೆ. ಕಾಲುವೆ ಹರಿಯುವಷ್ಟು ದಿನ ಇಲ್ಲಿ, ಉಳಿದ ತಿಂಗಳು ನಮ್ಮ ಶಹಾಪುರದ ಗೋದಾಮಿಗೆ ಅವಳು ಕೆಲಸಕ್ಕೆ ಬರಬೇಕು.

ಅವಳು ರಸೀದಿ ಹರಿದು ಒಬ್ಬ ರೈತನ ಕೈಗಿಟ್ಟಳು. ದಿನಾ ಸಂಜೆಯ ಬಸ್ಸಿಗೆ ಸುರಪುರಕ್ಕೆ ವಾಪಸು ಬರಬಹುದೇ ಎಂದು ಕೇಳಿದಳು. ಬರಬಹುದು ಎಂದೆ.

"ಹಂಗಾದ್ರ ಈಗ, ನನ್ನ ಮುಂದ ಫೋನ್ ಹಚ್ರಿ. ಶಹಾಪುರ ಮುಟ್ಟೂದ್ರಾಗ ನಿಮ್ಮ ಮನಸ್ಸು ಬದ್ಲಾದೀತು."

ಹಚ್ಚಿದೆ. ಮೇಲಿನವರು ಒಂದಿಷ್ಟು ಗೊಣಗಿ, ಈ ಹಂಗಾಮು ಹಾಗೇ ನಡೆಯಲಿ ಎಂದರು. ಅವಳು ನನಗೆ ಇನ್ನೊಂದು ಚಹಾ ತರಿಸಿದಳು, ತಾನು ಕುಡಿಯಲಿಲ್ಲ.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ಮಜ್ಜಿಗೆ ಹಾಕುತ್ತ, "ಆಕಿ ಶಹಾಪುರಕ್ಕ ಬಂದ ದಿನ ಆಕಿ ಅತ್ತಿಗಿ ಮಧ್ಯಾಹ್ನ ಉಣ್ಸವ್ರು ಯಾರ್ರಿ?" ಎಂದಳು. ಅದನ್ನು ನಾನು ಕೇಳಿರಲಿಲ್ಲ. ನಮ್ಮ ಅವ್ವ ಮಾತ್ರ ಹೆಂಡತಿ ಬಡಿಸಿದ್ದನ್ನು ಉಂಡು, ಮಾತ್ರೆ ನುಂಗಿ, ಎಲ್ಲರಿಗಿಂತ ಮೊದಲು ಮಲಗಿದಳು.