ಗೆದ್ದವರ ರಾಷ್ಟ್ರಗೀತೆ

ಏಪ್ರಿಲ್ ಬಂತೆಂದರೆ ಚಾಂದ್‌ಖೇಡಾದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಹಪ್ಪಳ, ಬಟಾಟೆ ಚಿಪ್ಸು, ವರ್ಷಕ್ಕಾಗುವಷ್ಟು ಮೆಣಸಿನಕಾಯಿ, ಎಲ್ಲ ಅಲ್ಲೇ ಒಣಗುತ್ತವೆ. ಇವೆಲ್ಲದರಿಂದ ದೂರ, ನೀರಿನ ಟ್ಯಾಂಕಿನ ಹಿಂದೆ, ನನ್ನ ಮಗಳ ಐಸ್ ಹಾಕಿ ಸಾಮಾನು ಒಣಗುತ್ತದೆ. ದೂರ ಇಡಬೇಕೆಂಬುದು ಸೊಸೈಟಿಯವರೆಲ್ಲ ಸೇರಿ ಮಾಡಿದ ತೀರ್ಮಾನ. ಗೋಲ್‌ಕೀಪರಿನ ಪ್ಯಾಡು, ಎದೆಕವಚ, ಕೈಗವಸು ಒಮ್ಮೆ ಬೆವರು ಕುಡಿದವೆಂದರೆ ಆ ವಾಸನೆಯ ಎದುರು ಹೆತ್ತ ಕರುಳೂ ನಿಲ್ಲುವುದಿಲ್ಲ. ಇಲ್ಲಿನ ಬಿಸಿಲಿಗೆ ತಾಸಿನೊಳಗೆ ಗರಿಗರಿಯಾಗುತ್ತವೆ ಎಂಬುದೊಂದೇ ಪುಣ್ಯ. ಐಸ್ ಹಾಕಿಗೆ ಅಹಮದಾಬಾದಿನಿಂದ ಬೇರೆ ಯಾವ ಉಪಕಾರವೂ ಆದದ್ದು ನನಗೆ ಗೊತ್ತಿಲ್ಲ.

ನಾವು ಧಾರವಾಡದವರು. ನಮ್ಮ ಯಜಮಾನರಿಗೆ ಇಲ್ಲಿನ ತೈಲ ಕಂಪನಿಯಲ್ಲಿ ಕೆಲಸ, ನನಗೆ ವಿಮಾ ಕಚೇರಿಯಲ್ಲಿ. ಮಗಳು ಇಲ್ಲೇ ಬೆಳೆದವಳಾದ್ದರಿಂದ ಅವಳ ಬಾಯಲ್ಲಿ ಹಿಂದಿ ಮನೆಯ ಮಾಲೀಕ, ಕನ್ನಡ ಬಾಡಿಗೆದಾರ. ಎಲ್ಲ ಮಕ್ಕಳ ಹಾಗೆ ಅವಳೂ ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡಳು. ಅದರಿಂದ ರೋಲರ್ ಹಾಕಿ, ವಡೋದರಾ, ಸೂರತ್ ಎಂದು ಭಾನುವಾರದ ಪಂದ್ಯಗಳು. ಓಟದಲ್ಲಿ ಹಿಂದೆ, ಮೊಂಡುತನದಲ್ಲಿ ಮುಂದೆ ಇದ್ದವಳನ್ನು ಕೋಚ್ ಗೋಲಿನ ಬಾಯಿಗೆ ನಿಲ್ಲಿಸಿದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಐಸ್ ಮೇಲೆ ಆಡುವ ನಮ್ಮ ದೇಶದ ಹುಡುಗಿಯರ ತಂಡಕ್ಕೆ ಗೋಲ್‌ಕೀಪರುಗಳೇ ಸಿಗುವುದಿಲ್ಲವೆಂದು ಯಾರೋ ಅವಳ ಕಿವಿಗೆ ಹಾಕಿದರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಈ ಸುಡುವ ಊರಿನಲ್ಲಿ ನನ್ನ ಮಗಳು ಐಸ್ ಹುಡುಕತೊಡಗಿದಳು.

ಐಸು ಬೋಡಕ್‌ದೇವ್ ಕಡೆಯ ಒಂದು ಮಾಲಿನಲ್ಲಿ ಸಿಕ್ಕಿತು. ನಮ್ಮ ಮನೆಯ ಹಾಲ್, ಅಡುಗೆಮನೆ ಸೇರಿಸಿದರೆ ಎಷ್ಟಾಗುತ್ತದೋ ಅಷ್ಟೇ ಜಾಗ. ಪುಟ್ಟ ಮಕ್ಕಳು ಪ್ಲಾಸ್ಟಿಕ್ ಪೆಂಗ್ವಿನ್ ಹಿಡಿದುಕೊಂಡು ಜಾರುವಂಥದ್ದು. ಅಲ್ಲಿಯವರನ್ನು ಕಾಡಿ ಬೇಡಿ, ಬೆಳಗ್ಗೆ ಬಾಗಿಲು ತೆರೆಯುವ ಮುಂಚಿನ ಒಂದು ತಾಸನ್ನು ಗಿಟ್ಟಿಸಿದಳು. ಕವಚವೆಲ್ಲ ತೊಟ್ಟು ಅವಳು ಮಾಲಿನ ಲಿಫ್ಟಿಗೆ ಹೊಕ್ಕರೆ ಇನ್ನೊಬ್ಬರಿಗೆ ಜಾಗವಿಲ್ಲ, ನಾನು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಹೋಗಿ ಸ್ವೆಟರ್ ಹಾಕಿಕೊಂಡು, ಪಕ್ ಎಂಬ ಆ ಕಪ್ಪು ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಅವಳತ್ತ ಹೊಡೆಯುವುದು ನನ್ನ ಕೆಲಸ. ನನ್ನ ಹೊಡೆತಗಳನ್ನು ತಡೆಯಲು ಗೋಲ್‌ಕೀಪರಿನ ಅಗತ್ಯವೇ ಇರಲಿಲ್ಲ, ಅರ್ಧದಾರಿಯಲ್ಲಿ ತಾವೇ ನಿಲ್ಲುತ್ತಿದ್ದವು. ಸರಿಯಾದ ಐಸನ್ನು ಅವಳು ಕಂಡಿದ್ದು ಚಳಿಗಾಲದಲ್ಲಿ ಲೇಹ್‌ನ ಶಿಬಿರಕ್ಕೆ ಹೋದಾಗ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ತಂಡಕ್ಕೂ ಆಯ್ಕೆಯಾದಳು. ಉಳಿದವರು ಹೆಚ್ಚಾಗಿ ಲಡಾಖಿನ ಹುಡುಗಿಯರು, ಹೆಪ್ಪುಗಟ್ಟಿದ ಕೊಳವನ್ನೇ ಮೈದಾನ ಮಾಡಿಕೊಂಡು ಬೆಳೆದವರು. ಇವಳೊಬ್ಬಳು ಮಾಲಿನವಳು.

ಐಸ್ ಹಾಕಿಯಲ್ಲಿ ದೇಶಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಹಿಮದಲ್ಲೇ ಹುಟ್ಟಿದ ದೇಶಗಳು. ತೀರ ಕೆಳಗೆ ನಾವು, ನಮ್ಮ ಹಾಗೆ ಆಟವನ್ನು ಈಗಷ್ಟೇ ಕಲಿಯುತ್ತಿರುವವರು. ಅವರಲ್ಲಿ ಮರಳುಗಾಡಿನವರೂ ಇದ್ದಾರೆ, ತೆಂಗಿನ ದ್ವೀಪದವರೂ ಇದ್ದಾರೆ. ಮೊದಲ ವರ್ಷ ನಮ್ಮ ಹುಡುಗಿಯರು ಆ ಕೆಳಗಿನ ಮೆಟ್ಟಿಲಿನ ಟೂರ್ನಿಗೆ ಹೋಗಿ ಎಲ್ಲ ಪಂದ್ಯಗಳಲ್ಲೂ ಸೋತು ಸುಣ್ಣವಾಗಿ ಬಂದರು. ಎರಡನೇ ವರ್ಷ ಹೊರಡುವ ಹಿಂದಿನ ದಿನ ನಾನು ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದಾಗ ಮಗಳು ಅಡುಗೆ ಕಟ್ಟೆಯ ಮೇಲೆ ಕೂತು ಹೇಳಿದಳು.

“ಅಮ್ಮಾ, ಮ್ಯಾಚ್ ಖತಂ ಆದಮೇಲೆ ಎರಡೂ ಟೀಮ್ ಲೈನಲ್ಲಿ ನಿಲ್ತೀವಿ ಗೊತ್ತಾ? ಯಾರು ಜೀತಿದ್ರೋ ಅವರದ್ದು ಮಾತ್ರ ನ್ಯಾಷನಲ್ ಆಂಥೆಮ್ ಹಾಕ್ತಾರೆ.”

“ಮತ್ತ ಸೋತವರದು?”

“ಸೋತವರು ಸುಮ್ನೆ ನಿಂತು ಕೇಳಬೇಕು. ಲಾಸ್ಟ್ ಇಯರ್ ನಾನು ಎಲ್ಲರದ್ದೂ ಕೇಳಿದೆ. ನಮ್ಮದು ಒಂದ್ ಸಲಾನೂ ಕೇಳಲಿಲ್ಲ, ಅಮ್ಮಾ. ಒಂದೇ ಸಲ ಸಾಕು.”

“ಈ ಸಲ ಕೇಳ್ತೀ ತಗೋ” ಎಂದು ಡಬ್ಬಿಯ ಮುಚ್ಚಳ ಒತ್ತಿದೆ. ಒಳಗೊಳಗೆ ಮಾತ್ರ ಸಂಕಟವಾಯಿತು. ಪದಕ ಕೇಳಿದ್ದರೆ ದೊಡ್ಡ ಆಸೆ ಎಂದು ಬೈಯಬಹುದಿತ್ತು. ಇವಳು ಕೇಳಿದ್ದು ದಿನಾ ಶಾಲೆಯಲ್ಲಿ ಹಾಡಿ ಬಿಟ್ಟದ್ದನ್ನು.

ಪಂದ್ಯಗಳನ್ನು ನೋಡಿದ್ದು ಎದುರು ಮನೆಯ ಗುಜರಾತಿ ಅಜ್ಜಿಯ ಟೀವಿಯಲ್ಲಿ. ಇಡೀ ಕಟ್ಟಡದಲ್ಲಿ ಅದೇ ದೊಡ್ಡದು. ಮೊದಲ ದಿನವೇ ಹತ್ತು ಮನೆಯವರು ನೆರೆದರು. ಮೂರನೇ ಮಹಡಿಯ ಗೃಹಸ್ಥರು ಗೆಲುವಿಗೆಂದು ಜಲೇಬಿ, ಫಾಫ್ಡಾ ತಂದಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎಂಬುದನ್ನು ಹಿಂದಿಯಲ್ಲಿ ಹೇಳಲು ನನಗೆ ಬರಲಿಲ್ಲ. ಸೋತೆವು. ಎರಡು ತಂಡಗಳೂ ಸಾಲಾಗಿ ನಿಂತವು, ಮರಳುಗಾಡಿನ ದೇಶದ ರಾಷ್ಟ್ರಗೀತೆ ಶುರುವಾಯಿತು. ನಾನು ಎದ್ದು ನಿಂತೆ.

“ಬೈಠೋ ಬೆಹೆನ್, ಅಪನಾ ಥೋಡೀ ಹೈ” ಎಂದರು ಜಲೇಬಿಯವರು, ಕೂತ್ಕೊಳ್ಳಿ, ಇದೇನು ನಮ್ಮದಲ್ಲವಲ್ಲ ಎಂಬಂತೆ.

ಸೋಲಿನ ಸಿಟ್ಟೆಲ್ಲ ಅವರ ಮೇಲೆ ತಿರುಗಿತು. “ಮೇರೀ ಬೇಟೀ ಖಡೀ ಹೈ. ಮೈಂ ಕೈಸೇ ಬೈಠೂಂ?” ಎಂದೆ. ಮಗಳು ನಿಂತಿರುವಾಗ ನಾನು ಹೇಗೆ ಕೂರಲಿ?

ಅಜ್ಜಿ ಊರುಗೋಲು ಊರಿ ಎದ್ದರು. ಅಜ್ಜಿ ಎದ್ದ ಮೇಲೆ ಉಳಿದವರು ಕೂರುವುದುಂಟೆ? ಜಲೇಬಿಯ ತಟ್ಟೆ ಕೈಯಲ್ಲಿ ಹಿಡಿದೇ ಅವರೂ ನಿಂತರು. ಅವತ್ತಿನಿಂದ ಅದೇ ನೇಮವಾಯಿತು. ಎರಡನೇ ಪಂದ್ಯ ಸೋತೆವು, ನಿಂತೆವು. ಮೂರನೆಯದೂ ಸೋತೆವು, ನಿಂತೆವು. ಕೂತೇ ಇದ್ದವರಿದ್ದರೆ ನಾನು ಕಣ್ಣಲ್ಲೇ ಎಬ್ಬಿಸುತ್ತಿದ್ದೆ. ಆ ವಾರದ ಕೊನೆಗೆ ಮೂರನೇ ಮಹಡಿಯವರು ಸ್ಕೂಟರ್ ನಿಲ್ಲಿಸುವಾಗ ದ್ವೀಪದೇಶದ ರಾಷ್ಟ್ರಗೀತೆಯನ್ನು ಸಿಳ್ಳೆ ಹಾಕುತ್ತಿದ್ದರು.

ಉಳಿದದ್ದು ಕೊನೆಯ ಪಂದ್ಯ. ಈ ಸಲ ಯಾರೂ ಏನೂ ತಿನ್ನಲು ತರಲಿಲ್ಲ. ಯಜಮಾನರು ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು.

“ಒಳಗ ಬಂದು ನೋಡ್ರಿ” ಎಂದೆ.

“ನಾ ನೋಡಿದ್ರ ಗೋಲ್ ಆಗ್ತಾವ. ನೀ ಹೇಳ್ಕೋತ ಇರು, ನಾ ಕೇಳ್ತೀನಿ.”

ಎರಡು ಗೋಲು ನಾವು ಹೊಡೆದೆವು, ಒಂದು ಅವರು. ಇನ್ನೇನು ಮುಗಿಯಿತು ಎನ್ನುವಾಗ ಎದುರಾಳಿಗಳು ತಮ್ಮ ಗೋಲ್‌ಕೀಪರನ್ನೇ ಹೊರಗೆ ಕರೆಸಿಕೊಂಡರು. ಇವರಿಗೇನು ತಲೆ ಕೆಟ್ಟಿತೇ ಎಂದುಕೊಂಡೆ. ಆಮೇಲೆ ತಿಳಿಯಿತು. ಸೋಲುವವರು ಕೊನೆಗಳಿಗೆಯಲ್ಲಿ ತಮ್ಮ ಗೋಲನ್ನು ಖಾಲಿ ಬಿಟ್ಟು, ಗೋಲ್‌ಕೀಪರಿನ ಬದಲು ದಾಳಿಗೆ ಒಬ್ಬಳನ್ನು ಹೆಚ್ಚು ಕಳಿಸುವುದು ಈ ಆಟದಲ್ಲಿ ರೂಢಿ. ಆರು ಜನ ನನ್ನ ಒಬ್ಬಳೇ ಮಗಳ ಮೇಲೆ ಮುಗಿಬಿದ್ದರು. ಬಿಲ್ಲೆ ನನ್ನ ಕಣ್ಣಿಗೆ ಕಾಣಿಸುತ್ತಲೇ ಇರಲಿಲ್ಲ. ಅವಳ ಕಾಲು ಅತ್ತ ಚಾಚಿದಾಗ ಬಿಲ್ಲೆ ಅಲ್ಲಿದೆ, ಕೈ ಮೇಲೆದ್ದಾಗ ಅಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದೆ. “ಏನಾತು?” ಎಂದು ಬಾಲ್ಕನಿಯಿಂದ ಯಜಮಾನರು ಕೇಳುತ್ತಲೇ ಇದ್ದರು. ಕಡೆಗೆ ಅವಳು ಹೊಟ್ಟೆಯ ಮೇಲೆ ಬಿದ್ದಳು, ಅವಳ ಮೇಲೆ ನಾಲ್ಕು ಜನ ಬಿದ್ದರು, ಪಂದ್ಯ ಮುಗಿದ ಭೋಂಗಾ ಕೂಗಿತು. ಬಿಲ್ಲೆ ಅವಳ ಹೊಟ್ಟೆಯ ಕೆಳಗಿತ್ತು.

ಅಜ್ಜಿಯ ಮನೆಯಲ್ಲಿ ಎದ್ದ ಗದ್ದಲಕ್ಕೆ ಕೆಳಗಿನ ವಾಚ್‌ಮನ್ ಓಡಿಬಂದ. ಪರದೆಯ ಮೇಲೆ ಕೈಗವಸು, ಕೋಲುಗಳೆಲ್ಲ ಗಾಳಿಯಲ್ಲಿ ಹಾರಿದವು. ಬಳಿಕ ಎರಡೂ ತಂಡಗಳು ಸಾಲಾಗಿ ನಿಂತವು. ನಮ್ಮ ರಾಷ್ಟ್ರಗೀತೆಯ ಮೊದಲ ಸ್ವರ ಬಂತು.

ಎಲ್ಲರೂ ಎದ್ದರು. ಯಜಮಾನರು ಬಾಲ್ಕನಿಯಲ್ಲೇ ಇತ್ತ ತಿರುಗಿ ನೆಟ್ಟಗೆ ನಿಂತರು. ನನಗೆ ಮಾತ್ರ ಏಳಲಾಗಲಿಲ್ಲ. ಕಂಡವರ ದೇಶಕ್ಕೆಲ್ಲ ನಿಂತವಳು ನನ್ನದೇ ಬಂದಾಗ ಕೂತೇ ಇದ್ದೆ. ಹೆಲ್ಮೆಟ್ ತೆಗೆದ ಮಗಳು, ಬೆವರಿಗೆ ಕೂದಲು ಹಣೆಗಂಟಿಸಿಕೊಂಡು, ಬಾಯಿ ದೊಡ್ಡದು ಮಾಡಿ ಹಾಡುತ್ತಿದ್ದಳು. ಸೋಫಾ ಹಿಡಿದು ಏಳಲು ನೋಡಿದೆ, ಮತ್ತೆ ಕುಸಿದೆ.

ಅಜ್ಜಿ ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು. “ಬೇಸೀ ರಹೇ, ಬೇಟಾ. ತಾರಾ ವತೀ ಹುಂ ಊಭೀ ಛುಂ” ಎಂದರು. ಕೂತಿರು ಮಗಳೇ, ನಿನ್ನ ಪರವಾಗಿ ನಾನು ನಿಂತಿದ್ದೇನೆ.

ನಾನು ಕೂತೇ, ಅಳುತ್ತಲೇ, ಕೊನೆಯ ಸಾಲಿನವರೆಗೂ ಹಾಡಿದೆ.