ಟೀಚರ್ ಮನೆಯ ಬೇಟೆಚೂರಿಗಳು

ಕೋಪರಿಯ ನಮ್ಮ ಕಟ್ಟಡದಲ್ಲಿ ಅವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಡೊಂಬಿವಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಎದುರಿನ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮೊಟ್ಟೆಯನ್ನೂ ಮುಟ್ಟದ ಅವರು ಬೇಟೆಚೂರಿಗಳನ್ನು ಸಂಗ್ರಹಿಸುತ್ತಿದ್ದರು. ಯಾರಾದರೂ ಮಡಚುವ ಚಾಕು ತೋರಿಸಿದರೆ, "ಅದು ಅರ್ಧ ಚೂರಿ ಮಾರಾಯ್ರೆ" ಎನ್ನುವರು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿರಬೇಕು ಎಂದು, ಬೀಟೆ ಮರದ ಹಿಡಿಯ ಅಂಚಿನಲ್ಲಿ ಹೆಬ್ಬೆರಳು ಓಡಿಸಿ ತೋರಿಸುವರು.

ಚೂರಿಗಳ ಬಗ್ಗೆ ಯಾರೋ ದೂರು ಕೊಟ್ಟರು. ಉಡುಪಿ ಕಡೆಯ ಹೋಟೆಲಿನವರಾದ, ಕಟ್ಟಡದ ಸೊಸೈಟಿ ಸೆಕ್ರೆಟರಿ, ಚೂರಿಗಳನ್ನು ತೆಗೆಯುತ್ತೇನೆಂಬ ಮುಚ್ಚಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಟೀಚರ್ ಮನೆಗೆ ಹೋದರು. ಕಮಿಟಿಯಲ್ಲಿದ್ದ ನಾನೂ ಅವರ ಹಿಂದೆ ನಿಂತಿದ್ದೆ.

"ಆ ಚೂರಿಗಳನ್ನೆಲ್ಲ ತೆಗೀರಿ. ಇಲ್ಲಾಂದ್ರೆ ಓನರಿಗೆ ಹೇಳಿ ರೂಮ್ ಖಾಲಿ ಮಾಡಿಸ್ಬೇಕಾಗ್ತದೆ. ಒಂಟಿ ಹೆಂಗಸಿಗೆ ಇದೆಲ್ಲ ಯಾಕೆ ಟೀಚರ್?"

ಟೀಚರ್ ಕಪಾಟು ತೆರೆದು ಅವರ ಕೈಗೆ ಅಡಿಪಟ್ಟಿ ಕೊಟ್ಟರು. "ಅಳೆದು ನೋಡಿ. ಕಾನೂನು ಹೇಳಿದ್ದಕ್ಕಿಂತ ಒಂದೂ ಉದ್ದ ಇಲ್ಲ. ಒಂಟಿ ಗಂಡಸಿನ ಮನೆಯಲ್ಲಿದ್ರೆ ಹೀಗೆ ಕೇಳ್ತಿದ್ರಾ?"

ಸೆಕ್ರೆಟರಿ ಅಳೆಯಲಿಲ್ಲ. "ಸೈನ್ ಮಾಡಿ" ಎಂದರು. ಟೀಚರ್ ಕೆಂಪು ಪೆನ್ನು ತೆಗೆದು ಮುಚ್ಚಳಿಕೆಯಲ್ಲಿದ್ದ ಮೂರು ತಪ್ಪುಗಳನ್ನು ತಿದ್ದಿದರು. "ಸೈನ್ ಮಾಡೂದಿಲ್ಲ. ಓನರಿಗೆ ಹೇಳಿ" ಎಂದು ಕಾಗದ ಹಿಂದಿರುಗಿಸಿದರು.

ಓನರಿಗೆ ಯಾರೂ ಹೇಳಲಿಲ್ಲ. ಮುಂದಿನ ಭಾನುವಾರ ಟೀಚರ್ ಬಾಗಿಲನ್ನು ಪೂರ್ತಿ ತೆರೆದು, ಹೊಸ್ತಿಲ ಪಕ್ಕ ಚಾಪೆ ಹಾಸಿ ಕುಳಿತು, ಮೆಟ್ಟಿಲು ಹತ್ತುವವರಿಗೆಲ್ಲ ಕಾಣುವಂತೆ ಚೂರಿಗಳಿಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ನಾನು ತಲೆ ತಗ್ಗಿಸಿ ದಾಟುತ್ತಿದ್ದೆ.

"ಬನ್ನಿ ಕಮಿಟಿಯವರೇ," ಎಂದರು. "ಆವತ್ತು ನೀವು ಸರಿಯಾಗಿ ನೋಡ್ಲೇ ಇಲ್ಲ."

ನಾನು ಚಪ್ಪಲಿ ಕಳಚಿ ಒಳಗೆ ಹೋದೆ.